ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಮಸುಕು: ಪಟ್ಟಿ ಬಿಚ್ಚಿದ ದಿನದಿಂದ ಕನ್ನಡಕ ಬರುವವರೆಗೆ ಸಮಗ್ರ ಮಾರ್ಗದರ್ಶಿ

ಪಟ್ಟಿ ಬಿಚ್ಚಿದ ಕೂಡಲೇ ಮನೆಯವರೆಲ್ಲ ಕೇಳುವುದು ಒಂದೇ ಮಾತು: "ಕಾಣಿಸ್ತಾ ಇದೆಯಾ?" ಪಕ್ಕದ ಮಂಚದವರು ಆಗಲೇ "ಎಲ್ಲಾ ಪಳಪಳ ಅಂತಿದೆ" ಅಂದಿರುತ್ತಾರೆ. ನಿಮಗೆ ಮಾತ್ರ ಮಂಜು ಮಂಜು. ಒಂದೇ ದಿನ, ಒಬ್ಬರೇ ಡಾಕ್ಟರು ಆಪರೇಷನ್ ಮಾಡಿದ್ದರೂ ಹೀಗಾಗುತ್ತದೆ. ಪೊರೆ ಎಷ್ಟು ಬಲಿತಿತ್ತು, ಸಕ್ಕರೆ ಕಾಯಿಲೆ ಇದೆಯಾ, ಗಾಯ ಎಷ್ಟು ಅಗಲ ಮಾಡಬೇಕಾಯಿತು, ಇವುಗಳ ಮೇಲೆ ಮಸುಕು ಹೋಗುವ ದಿನ ಹೆಚ್ಚುಕಡಿಮೆ ಆಗುತ್ತದೆ. ಹಾಗಾಗಿ ಪಕ್ಕದವರ ಜೊತೆ ಹೋಲಿಸಿಕೊಳ್ಳಬೇಡಿ. ನಿಮ್ಮ ನಿನ್ನೆಯ ಜೊತೆ ಹೋಲಿಸಿಕೊಳ್ಳಿ. ಮಸುಕು ನಿನ್ನೆಗಿಂತ ಇವತ್ತು ಇಳಿದಿದ್ದರೆ ಸಮಾಧಾನವಾಗಿರಬಹುದು. ಏರಿದ್ದರೆ ಸುಮ್ನೆ ಕೂರಬಾರದು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಆಸ್ಪತ್ರೆಯವರು ಕೊಡುವ ಚೀಟಿಯಲ್ಲಿ "ಧೂಳು, ಹೊಗೆಯಿಂದ ದೂರ ಇರಿ" ಅಂತ ಒಂದು ಸಾಲು ಇರುತ್ತದೆ. ರೇಷ್ಮೆ ಹುಳುವಿನ ಮನೆ, ಹಸುವಿನ ಕೊಟ್ಟಿಗೆ, ಔಷಧಿ ಹೊಡೆಯುವ ದ್ರಾಕ್ಷಿ ತೋಟ ಇರುವ ಕಡೆ ಆ ಒಂದು ಸಾಲು ಸಾಲದು. ಆಪರೇಷನ್ ಆದವರಿಗೆ ಈಗ ಇದನ್ನು ಓದಲು ಆಗಲ್ಲ, ಅಲ್ವಾ? ಮಗನೋ ಸೊಸೆಯೋ ಓದಿ ಹೇಳಲಿ. ನಿಮ್ಮ ಡಾಕ್ಟರು ಬರೆದದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಡಾಕ್ಟರ ಮಾತೇ ಸರಿ.

ಹಂತ 1: ಆಪರೇಷನ್ ದಿನವನ್ನು ಬೆಳೆ ನೋಡಿ ಗೊತ್ತು ಮಾಡಿ

ಪೊರೆ ಆಪರೇಷನ್ ಸಾಮಾನ್ಯವಾಗಿ ಇವತ್ತೇ ಆಗಬೇಕು ಅನ್ನುವಂಥದ್ದಲ್ಲ. ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಲು ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ರೇಷ್ಮೆ ಹುಳು ಸಾಕುವ ಮನೆಯವರು ಗೂಡು ಮಾರ್ಕೆಟ್‌ಗೆ ಹಾಕಿ ಬಂದ ಮೇಲೆ ದಿನ ತೆಗೆದುಕೊಳ್ಳಿ. ನಾಲ್ಕನೇ ಜ್ವರ (ಹುಳು ಕೊನೆಯ ಸಲ ಚರ್ಮ ಕಳಚುವ ಹಂತ) ಎದ್ದ ಹುಳು ಮನೆಯಲ್ಲಿದ್ದಾಗ ಆಪರೇಷನ್‌ಗೆ ಹೋದರೆ, ಬಂದ ಮಾರನೇ ದಿನವೇ ಸೊಪ್ಪಿನ ಹೊರೆ ಹೊರಲು ನಿಂತಿರುತ್ತೀರಿ. ಯಾರು ಬೇಡ ಅಂದರೂ ಕೈ ಸುಮ್ಮನಿರಲ್ಲ.

ಒಂದು ಬೆಳೆ ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು. ಕಣ್ಣು ಒಂದು ಹದಕ್ಕೆ ಬರಲೂ ಸುಮಾರು ಅಷ್ಟೇ ಬೇಕು. ಒಂದು ಬೆಳೆ ಬಿಡಲು ಸಾಧ್ಯವಿದ್ದರೆ ಬಿಡಿ. ಆಗದಿದ್ದರೆ ಆ ಬೆಳೆಯ ಕೆಲಸಕ್ಕೆ ಆಳನ್ನು ಮೊದಲೇ ಗೊತ್ತು ಮಾಡಿ.

ಆಪರೇಷನ್‌ಗೆ ಮೊದಲೇ ಡಾಕ್ಟರ ಬಳಿ ಎರಡು ವಿಷಯ ಕೇಳಿಟ್ಟುಕೊಳ್ಳಿ. ಒಂದು, ಹಾಕುವ ಲೆನ್ಸ್ ದೂರಕ್ಕೆ ಮಾತ್ರವಾ, ಹತ್ತಿರಕ್ಕೂ ಆಗುತ್ತಾ? ಸಾಮಾನ್ಯವಾಗಿ ಹಾಕುವ ಲೆನ್ಸ್ ಒಂದೇ ದೂರಕ್ಕೆ ಕೆಲಸ ಮಾಡುತ್ತದೆ, ಹೆಚ್ಚಾಗಿ ದೂರದ ನೋಟಕ್ಕೆ. ಅಂಥ ಲೆನ್ಸ್ ಹಾಕಿದ್ದರೆ ಹತ್ತಿರದ ಅಕ್ಷರ ಕನ್ನಡಕವಿಲ್ಲದೆ ಮಸುಕಾಗಿಯೇ ಇರುತ್ತದೆ. ಅದು ಗಾಯ ಮಾಯುವವರೆಗಿನ ಮಸುಕಲ್ಲ, ಕಾದರೆ ಹೋಗುವುದೂ ಇಲ್ಲ. ಇದು ಗೊತ್ತಿಲ್ಲದೆ "ಪೇಪರ್ ಓದಕ್ಕಾಗ್ತಿಲ್ಲ, ಆಪರೇಷನ್ ಕೆಟ್ಟೋಯ್ತು" ಅಂತ ಕೊರಗುವವರು ಬಹಳ. ಎರಡನೆಯದು, ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ನೋಡಿದ್ದೀರಾ ಅಂತ ಕೇಳಿ. ರೆಟಿನಾ ಮೊದಲೇ ಕೆಟ್ಟಿದ್ದರೆ ಮುಂಭಾಗದ ಪೊರೆ ತೆಗೆದರೂ ಪೂರ್ತಿ ತಿಳಿಯಾಗಲ್ಲ.

ಹಂತ 2: ಯಾವ ಮಸುಕು ಯಾಕೆ ಬರುತ್ತದೆ ಅಂತ ತಿಳಿದುಕೊಳ್ಳಿ

ಮೊದಲ ದಿನದ ಮಸುಕಿಗೆ ಒಂದು ಕಾರಣ ಪಾಪೆ ಹಿಗ್ಗಿಸಲು ಹಾಕಿದ ಡ್ರಾಪ್ಸ್. ಅದರ ಪ್ರಭಾವ ಇಳಿಯಲು ಕೆಲವು ಗಂಟೆಗಳಿಂದ ಒಂದು ದಿನ ಬೇಕು. ಕೆಲವು ಡ್ರಾಪ್ಸ್‌ಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಕಾಣಲ್ಲ.

ಎರಡನೆಯ ಕಾರಣ ಕಾರ್ನಿಯಾ ಊದಿಕೊಳ್ಳುವುದು. ಕಣ್ಣಿನ ಎದುರಿನ ಗಾಜಿನಂಥ ಪದರ ಅದು. ಬಲಿತು ಗಟ್ಟಿಯಾದ ಪೊರೆ ಒಡೆದು ತೆಗೆಯಲು ಜಾಸ್ತಿ ಹೊತ್ತು ಬೇಕಾಗುತ್ತದೆ, ಆಗ ಊತವೂ ಜಾಸ್ತಿ. "ಪೂರ್ತಿ ಹಣ್ಣಾಗಲಿ, ಆಮೇಲೆ ತೆಗೆಸೋಣ" ಅಂತ ವರ್ಷಗಟ್ಟಲೆ ಕಾದವರಿಗೆ ಮೊದಲ ವಾರ ಮಂಜು ದಟ್ಟವಾಗಿರುವುದು ಇದಕ್ಕೇ. ಈ ಊತ ಬೆಳಿಗ್ಗೆ ಎದ್ದಾಗ ಜಾಸ್ತಿ ಇದ್ದು, ಹೊತ್ತು ಏರಿದಂತೆ ಇಳಿಯುವುದುಂಟು.

ಆಪರೇಷನ್‌ನಲ್ಲಿ ಎರಡು ವಿಧ ಹೆಚ್ಚು ಚಾಲ್ತಿಯಲ್ಲಿವೆ. ಪೊರೆಯನ್ನು ಯಂತ್ರದಿಂದ ಒಡೆದು ಹೀರಿ ತೆಗೆಯುವ ಫೇಕೋದಲ್ಲಿ ಗಾಯ 2ರಿಂದ 3 ಮಿಲಿಮೀಟರ್. ಎಸ್‌ಐಸಿಎಸ್ ಅನ್ನುವ, ಪೊರೆಯನ್ನು ಇಡಿಯಾಗಿ ಹೊರತೆಗೆಯುವ ವಿಧಾನದಲ್ಲಿ 6ರಿಂದ 7 ಮಿಲಿಮೀಟರ್. ಶಿಬಿರಗಳಲ್ಲಿ ಎರಡನೆಯದು ಜಾಸ್ತಿ. ಎರಡರಲ್ಲೂ ಹೆಚ್ಚಾಗಿ ಹೊಲಿಗೆ ಇರಲ್ಲ, ಎರಡೂ ಒಳ್ಳೆಯವೇ. ಆದರೆ ಗಾಯ ದೊಡ್ಡದಿದ್ದರೆ ನೋಟ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಫೇಕೋ ಆದವರಲ್ಲಿ ಹಲವರಿಗೆ ಮೊದಲ ವಾರದಲ್ಲೇ ಬಹಳಷ್ಟು ತಿಳಿಯಾಗುತ್ತದೆ.

ಇನ್ನು ಕೆಲವು ಮಸುಕಿಗೆ ಹೆದರುವಂಥದ್ದು ಏನೂ ಇಲ್ಲ. ಡ್ರಾಪ್ಸ್ ಹಾಕಿದ ಕೆಲವು ನಿಮಿಷ ಮಂಜಾಗುತ್ತದೆ. ಮುಲಾಮು ಹಚ್ಚಿದರೆ ಇನ್ನೂ ಜಾಸ್ತಿ ಹೊತ್ತು. ಬಣ್ಣಗಳು ಬೇರೆ ಥರ ಕಾಣುತ್ತವೆ, ಬಿಳಿ ಪಂಚೆಗೆ ನೀಲಿ ಹಾಕಿದಂತೆ ಅನಿಸುತ್ತದೆ. ಹಳೆಯ ಪೊರೆ ಇಷ್ಟು ವರ್ಷ ಎಲ್ಲಕ್ಕೂ ಹಳದಿ ಬಳಿದಿತ್ತು, ಈಗ ಅದು ಹೋಗಿದೆ, ಅಷ್ಟೇ. ರಾತ್ರಿ ಲೈಟಿನ ಸುತ್ತ ಬಳೆ ಕಾಣುವುದು, ಕಣ್ಣಂಚಿನಲ್ಲಿ ಕಮಾನಿನಂಥ ನೆರಳು ಸುಳಿಯುವುದು ಕೂಡ ಲೆನ್ಸ್‌ನ ಅಂಚಿನಿಂದ ಆಗಬಹುದು. ಬಹುಪಾಲು ಜನಕ್ಕೆ ದಿನ ಕಳೆದಂತೆ ಅದು ಕಡಿಮೆಯಾಗುತ್ತದೆ. ಆದರೂ ಮುಂದಿನ ತಪಾಸಣೆಯಲ್ಲಿ ಹೇಳಿ.

ಹಂತ 3: ದಿನಾ ಕ್ಯಾಲೆಂಡರ್ ಎದುರು ಕೂತು ನೋಡಿ

ಎರಡೂ ಕಣ್ಣು ತೆರೆದಿದ್ದರೆ ಆಪರೇಷನ್ ಆದ ಕಣ್ಣಿನ ಸ್ಥಿತಿ ಗೊತ್ತೇ ಆಗಲ್ಲ. ಅದರ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ಅದಕ್ಕೆ ಈ ಕ್ರಮ ಇಟ್ಟುಕೊಳ್ಳಿ.

ದೊಡ್ಡ ತಾರೀಖಿನ ಗೋಡೆ ಕ್ಯಾಲೆಂಡರ್ ಎದುರು ಹತ್ತು ಅಡಿ ದೂರದಲ್ಲಿ ಕುರ್ಚಿ ಹಾಕಿ. ಕುರ್ಚಿಯ ಕಾಲು ಎಲ್ಲಿದೆ ಅಂತ ನೆಲದ ಮೇಲೆ ಸೀಮೆಸುಣ್ಣದ ಗುರುತು ಮಾಡಿ. ದಿನಾ ಒಂದೇ ಹೊತ್ತಿಗೆ ಕೂರಬೇಕು. ಬೆಳಿಗ್ಗೆ ಹತ್ತರ ಹೊತ್ತು ಒಳ್ಳೆಯದು, ಹಗಲಿನ ಬೆಳಕು ಇರುತ್ತದೆ, ರಾತ್ರಿಯ ಊತ ಸ್ವಲ್ಪ ಇಳಿದಿರುತ್ತದೆ. ಡ್ರಾಪ್ಸ್ ಹಾಕುವ ಮೊದಲು ನೋಡಿ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮರೆ ಮಾಡಿ, ಒತ್ತಬೇಡಿ.

ಈಗ ಏನು ಕಾಣುತ್ತದೆ? ದೊಡ್ಡ ತಾರೀಖಾ? ತಿಂಗಳ ಹೆಸರಾ? ಅದರ ಕೆಳಗಿನ ವಾರದ ಹೆಸರಾ? ತಿಥಿ, ನಕ್ಷತ್ರದ ಸಣ್ಣಕ್ಷರವಾ? ಕಂಡದ್ದನ್ನು ಮನೆಯವರು ಒಂದು ಹಾಳೆಯಲ್ಲಿ ತಾರೀಖಿನ ಸಮೇತ ಬರೆಯಲಿ. "ಶನಿವಾರ: ತಾರೀಖು ಮಾತ್ರ. ಸೋಮವಾರ: ತಿಂಗಳ ಹೆಸರು ಬಂತು." ಇಷ್ಟು ಸಾಕು. ತಪಾಸಣೆಗೆ ಹೋದಾಗ ಈ ಹಾಳೆ ತೋರಿಸಿ. "ಸುಮಾರಾಗಿ ಕಾಣುತ್ತೆ ಸಾರ್" ಅನ್ನುವ ಮಾತಿಗಿಂತ ಡಾಕ್ಟರಿಗೆ ಇದು ಹೆಚ್ಚು ಉಪಯೋಗ.

ಇದರ ಜೊತೆ ಇನ್ನೆರಡು ಪರೀಕ್ಷೆ ಇದೆ. ನಾಲ್ಕು ಸಲ ಮೆಲ್ಲಗೆ ರೆಪ್ಪೆ ಮಿಟುಕಿಸಿ. ಆಗ ತಿಳಿಯಾಗಿ ಮತ್ತೆ ಮಂಜಾದರೆ, ಕಣ್ಣು ಒಣಗಿರುವುದೋ ಡ್ರಾಪ್ಸ್ ಮೇಲೆ ನಿಂತಿರುವುದೋ ಕಾರಣ ಇರಬಹುದು. ಎರಡನೆಯದಕ್ಕೆ ಒಂದು ಹಳೆಯ ಲಗ್ನಪತ್ರಿಕೆ ಬೇಕು. ಅದರ ದಪ್ಪ ಹಾಳೆಗೆ ಮೊದಲೇ ಸೂಜಿಯಿಂದ ಒಂದು ಸಣ್ಣ ತೂತು ಮಾಡಿಟ್ಟುಕೊಳ್ಳಿ. ಕಣ್ಣಿಗೆ ತಾಗದಂತೆ ಎದುರು ಹಿಡಿದು ಆ ತೂತಿನಿಂದ ಕ್ಯಾಲೆಂಡರ್ ನೋಡಿ. ಅಕ್ಷರ ಚೂಪಾದರೆ ಆ ಮಸುಕು ಪವರ್‌ಗೆ ಸಂಬಂಧಪಟ್ಟದ್ದು, ಕನ್ನಡಕ ಬಂದ ಮೇಲೆ ಸರಿಹೋಗುವ ಸಾಧ್ಯತೆ ಜಾಸ್ತಿ. ಕಣ್ಣಾಸ್ಪತ್ರೆಯಲ್ಲೂ ಕಪ್ಪು ತಟ್ಟೆಯ ತೂತಿನಿಂದ ಇದನ್ನೇ ನೋಡಿಸುತ್ತಾರೆ.

ಹಂತ 4: ಯಾವಾಗ ಕಾಯಬಾರದು

ಇದನ್ನು ಕೊನೆಗೆ ಇಟ್ಟರೆ ಯಾರೂ ಓದುವುದಿಲ್ಲ, ಅದಕ್ಕೆ ಇಲ್ಲೇ ಹೇಳುತ್ತೇನೆ.

ತಿಳಿಯಾಗುತ್ತಿದ್ದ ಕಣ್ಣು ಮತ್ತೆ ಮಸುಕಾಗತೊಡಗಿದರೆ, ಜೊತೆಗೆ ನೋವು, ಕೆಂಪು, ಪಿಸುರು, ರೆಪ್ಪೆ ಊತ, ಬೆಳಕು ತಡೆಯಲಾಗದಿರುವುದು ಇವುಗಳಲ್ಲಿ ಒಂದು ಸೇರಿಕೊಂಡರೂ, ಅದು ಕಣ್ಣೊಳಗಿನ ಸೋಂಕು ಇರಬಹುದು. ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ತಡವಾಗಿಯೂ ಬರಬಹುದು. ಕಣ್ಣು ನೋವಿನ ಜೊತೆ ಅದೇ ಪಕ್ಕದ ತಲೆನೋವು, ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಪಿತ್ತ ಅಂತ ನಿಂಬೆಹಣ್ಣು ಹಿಂಡಿ ಕುಡಿಸಿ ಮಲಗಿಸಬೇಡಿ. ಕಣ್ಣೊಳಗೆ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದಂತೆ ಕಾಣುವುದು, ಒಂದು ಪಕ್ಕದಿಂದ ಪರದೆ ಇಳಿದಂತಾಗುವುದು ರೆಟಿನಾ ಕಳಚುವ ಸೂಚನೆ. ಇದು ತಿಂಗಳುಗಳ ನಂತರವೂ ಆಗಬಹುದು. ಕಣ್ಣಿಗೆ ಏಟು ಬಿದ್ದರೂ ಇದೇ ಸಾಲಿಗೆ ಸೇರುತ್ತದೆ.

ಇವುಗಳಲ್ಲಿ ಯಾವುದಾದರೂ ಆದರೆ ಅದೇ ದಿನ, ಅದೇ ಹೊತ್ತು ಆಪರೇಷನ್ ಮಾಡಿದ ಕಡೆಗೆ ಫೋನ್ ಮಾಡಿ ಹೊರಡಿ. ಭಾನುವಾರ, ಹಬ್ಬ, ಕಾರು ಸಿಗಲಿಲ್ಲ ಅನ್ನುವ ಮಾತು ಬೇಡ. ಶಿಬಿರದಲ್ಲಿ ಆಪರೇಷನ್ ಆಗಿದ್ದರೆ ಕರೆದುಕೊಂಡು ಹೋದ ಕಾರ್ಯಕರ್ತರ ನಂಬರನ್ನು ಮೊದಲೇ ಗೋಡೆ ಮೇಲೆ ಬರೆದಿಡಿ. ಅಲ್ಲಿ ಸಿಗದಿದ್ದರೆ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗ, ಇಲ್ಲವೇ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು 60 ಕಿಲೋಮೀಟರ್, ರಾತ್ರಿಯಾದರೂ ಹೋಗುವ ದೂರವೇ. ಮೆಡಿಕಲ್ಸ್‌ಗೆ ಹೋಗಿ "ಕಣ್ಣು ಕೆಂಪಾಗಿದೆ, ಏನಾದರೂ ಡ್ರಾಪ್ಸ್ ಕೊಡಿ" ಅಂತ ಕೇಳುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ನೋವಿಲ್ಲದೆ, ನೋಟ ಇಳಿಯದೆ ಬಿಳಿಗುಡ್ಡೆಯ ಮೇಲೆ ಒಂದು ಕಡೆ ಮಾತ್ರ ರಕ್ತದ ಕಲೆ ಕಂಡರೆ ಅದು ಬೇರೆ. ಗಾಯದ ಬಳಿ ಹೀಗಾಗುವುದುಂಟು, ಒಂದೆರಡು ವಾರದಲ್ಲಿ ಕರಗುತ್ತದೆ. ಮರಳು ಬಿದ್ದಂತೆ ಕಿರಿಕಿರಿಯೂ ಕೆಲವು ದಿನ ಇರುತ್ತದೆ. ಉಜ್ಜಬೇಡಿ.

ಹಂತ 5: ಡ್ರಾಪ್ಸ್ ಕ್ರಮವಾಗಿ ಹಾಕಿ

ಸಾಮಾನ್ಯವಾಗಿ ಎರಡು ಮೂರು ಬಾಟಲಿ ಕೊಡುತ್ತಾರೆ: ಸೋಂಕು ತಡೆಯಲು ಒಂದು, ಊತ ಇಳಿಸಲು ಸ್ಟೀರಾಯ್ಡ್ ಒಂದು, ಕೆಲವರಿಗೆ ನೋವು ಊತಕ್ಕೆ ಇನ್ನೊಂದು. ಮಸುಕು ಕಣ್ಣಿಗೆ ಎಲ್ಲಾ ಬಾಟಲಿಯೂ ಒಂದೇ ಥರ. ಸ್ಟೀರಾಯ್ಡ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು ಹಾಕಿ. ಕೈಯಿಂದ ಮುಟ್ಟಿದರೆ ಗೊತ್ತಾಗಬೇಕು.

ಹಾಕುವ ಕ್ರಮ ಹೀಗೆ. ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಪ್ರೆಡ್ನಿಸೋಲೋನ್ ಥರದ ಹಾಲಿನ ಬಣ್ಣದ ಡ್ರಾಪ್ಸ್ ಆದರೆ ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಆಪರೇಷನ್ ಆದವರು ಮಲಗಲಿ ಅಥವಾ ಗೋಡೆಗೆ ಒರಗಿ ತಲೆ ಎತ್ತಲಿ. ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಆ ಚೀಲದಂಥ ಜಾಗಕ್ಕೆ ಒಂದು ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕಣ್ಣು ಮೆಲ್ಲಗೆ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಹಗುರವಾಗಿ ಒತ್ತಿ ಹಿಡಿಯಿರಿ. ಬೆರಳು ಮೂಗಿನ ಎಲುಬಿನ ಮೇಲಿರಲಿ, ಕಣ್ಣುಗುಡ್ಡೆಯ ಮೇಲಲ್ಲ. ಇನ್ನೊಂದು ಬಾಟಲಿಗೆ ಕನಿಷ್ಠ ಐದು ನಿಮಿಷ ಬಿಡಿ. ತಕ್ಷಣ ಹಾಕಿದರೆ ಮೊದಲನೆಯದು ಹೊರಗೆ ಹರಿದುಹೋಗುತ್ತದೆ. ಎರಡೆರಡು ಹನಿ ಹಾಕಿದರೆ ಬೇಗ ವಾಸಿಯಾಗುತ್ತದೆ ಅನ್ನುವುದು ಸುಳ್ಳು, ಔಷಧಿ ಕೆನ್ನೆಗೆ ಹೋಗುತ್ತದೆ ಅಷ್ಟೇ.

ಹೊತ್ತು ನೆನಪಿಡಲು ಫೋನ್ ಅಲಾರಂ ಇದೆ. ನಮ್ಮ ಅತ್ತೆಗೆ ಅಲಾರಂ ಕೇಳಿಸಿದರೂ ಯಾವುದಕ್ಕೆ ಬಡೀತಿದೆ ಅಂತ ತಿಳಿಯುತ್ತಿರಲಿಲ್ಲ. ಡೇರಿಗೆ ಹಾಲು ಹಾಕಿದ ಮೇಲೆ ಒಂದು, ಮುದ್ದೆ ಉಂಡ ಮೇಲೆ ಒಂದು, ಸಂಜೆ ಹಾಲು ಕರೆದ ಮೇಲೆ ಒಂದು ಅಂತ ಜೋಡಿಸಿದೆವು. ಆಮೇಲೆ ಅವರೇ ಕೇಳಿ ಹಾಕಿಸಿಕೊಳ್ಳತೊಡಗಿದರು.

ಸ್ಟೀರಾಯ್ಡ್ ಡ್ರಾಪ್ಸ್ ವಿಷಯದಲ್ಲಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಕಣ್ಣು ತಿಳಿಯಾಯಿತು ಅಂತ ಹತ್ತನೇ ದಿನಕ್ಕೇ ನಿಲ್ಲಿಸಿದರೆ ಊತ ಮರಳಿ ಮಸುಕು ಬರುತ್ತದೆ. ಇದನ್ನು ವಾರವಾರ ಒಂದೊಂದು ಹನಿಯಂತೆ ಕಡಿಮೆ ಮಾಡುತ್ತಾ ನಾಲ್ಕರಿಂದ ಆರು ವಾರ ಹಾಕಿಸುವುದು ರೂಢಿ. ಇನ್ನು ಕೆಲವರು ಡ್ರಾಪ್ಸ್ ಹಾಕಿದರೆ ಹಿತ ಅನಿಸುತ್ತದೆ ಅಂತ ತಿಂಗಳುಗಟ್ಟಲೆ ತಾವೇ ಕೊಂಡು ಹಾಕಿಕೊಳ್ಳುತ್ತಾರೆ. ಅದರಿಂದ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರ ಹಾಳಾಗಬಹುದು. ಬಾಟಲಿ ತೆರೆದು ಒಂದು ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಿರಿ. ಇನ್ನೊಂದು ಕಣ್ಣಿನ ಆಪರೇಷನ್‌ಗೆ ಅಂತ ಎತ್ತಿಡಬೇಡಿ.

ಹಂತ 6: ಮನೆಯನ್ನು ಒಂದು ಕಣ್ಣಿಗೆ ಹೊಂದಿಸಿ

ಒಂದು ಕಣ್ಣು ಮಸುಕಾದಾಗ ಮೊದಲು ತಪ್ಪುವುದು ದೂರದ ಅಂದಾಜು. ಲೋಟಕ್ಕೆ ಸುರಿದ ಕಾಫಿ ಪಕ್ಕಕ್ಕೆ ಬೀಳುತ್ತದೆ. ಕೊನೆಯ ಮೆಟ್ಟಿಲು ಮುಗಿಯಿತು ಅಂತ ಕಾಲಿಟ್ಟರೆ ಇನ್ನೊಂದು ಮೆಟ್ಟಿಲು ಇರುತ್ತದೆ. ಬಿಸಿ ಸಾರು, ಕುದಿಯುವ ಎಸರು ಇವರ ಕೈಗೆ ಕೊಡಬೇಡಿ. ಲೋಟಕ್ಕೆ ಸುರಿಯುವಾಗ ಚೊಂಬಿನ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ ಸುರಿಯುವುದು ಅಭ್ಯಾಸವಾಗಲಿ.

ಹೊಸ್ತಿಲು ಮತ್ತು ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಟೇಪ್ ಅಂಟಿಸಿ. ಹಳೆಯ ಮನೆಗಳ ಎತ್ತರದ ಹೊಸ್ತಿಲಿಗೆ ಇದು ಬೇಕೇ ಬೇಕು. ದಾರಿಯಲ್ಲಿರುವ ಬಕೆಟ್ಟು, ಚಪ್ಪಲಿ, ಮಕ್ಕಳ ಸೈಕಲ್ಲು ತೆಗೆಯಿರಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ಸಣ್ಣ ಬಲ್ಬು ಉರಿಯಲಿ. ಕರೆಂಟು ಹೋದರೆ ಕೈಗೆ ಸಿಗುವಂತೆ ಟಾರ್ಚು ದಿಂಬಿನ ಪಕ್ಕದಲ್ಲೇ ಇರಲಿ. ನೀರಿನ ಚೊಂಬು, ಕೋಲು, ಫೋನು ದಿನಾ ಒಂದೇ ಜಾಗದಲ್ಲಿ ಇಡಿ. ಪ್ರೀತಿಯಿಂದ ಮನೆ ಒಪ್ಪ ಮಾಡುವ ಸೊಸೆಯಂದಿರು ಆ ವಸ್ತುಗಳನ್ನು ಮಾತ್ರ ಮುಟ್ಟದಿರಲಿ.

ಇನ್ಸುಲಿನ್ ತೆಗೆದುಕೊಳ್ಳುವವರು ಸಿರಿಂಜಿನ ಗೆರೆಯನ್ನು ತಾವೇ ನೋಡಿ ತುಂಬಿಸಿಕೊಳ್ಳಬಾರದು. ಕಣ್ಣು ತಿಳಿಯಾಗುವವರೆಗೆ ಬೇರೆಯವರು ತುಂಬಿಸಲಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ನಿಲ್ಲಿಸಬೇಡಿ.

ರಾತ್ರಿ ನಿದ್ದೆಯಲ್ಲಿ ಕೈ ಕಣ್ಣಿಗೆ ಹೋಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಕವಚ ಕೊಟ್ಟಿರುತ್ತಾರೆ. ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ವಾರ, ಹಣೆಯಿಂದ ಕೆನ್ನೆಗೆ ಟೇಪ್ ಅಂಟಿಸಿ ಮಲಗಿ. ಆಪರೇಷನ್ ಆದ ಕಣ್ಣು ಕೆಳಗಾಗುವಂತೆ ಮಗ್ಗುಲಾಗಬೇಡಿ.

ಬಗ್ಗುವ, ಭಾರ ಎತ್ತುವ ಕೆಲಸವನ್ನು ಒಂದೆರಡು ವಾರ ಬಿಡಿ, ಗಾಯ ದೊಡ್ಡದಾಗಿದ್ದರೆ ಇನ್ನೂ ಸ್ವಲ್ಪ ದಿನ. ದೇವಸ್ಥಾನದಲ್ಲಿ ಅಡ್ಡ ಬೀಳುವ ಬದಲು ನಿಂತೇ ಕೈ ಮುಗಿಯಿರಿ. ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡಬಹುದು. ಮಲಬದ್ಧತೆಯಾದರೆ ತಿಣುಕಬೇಡಿ, ಸೊಪ್ಪು, ತರಕಾರಿ, ನೀರು ಜಾಸ್ತಿ ಮಾಡಿ. ಟಿವಿ ನೋಡಿದರೆ, ಫೋನ್ ನೋಡಿದರೆ ಗಾಯಕ್ಕೆ ಏನೂ ಆಗಲ್ಲ. ಕಣ್ಣು ದಣಿಯುತ್ತದೆ, ದಣಿದಾಗ ನಿಲ್ಲಿಸಿ.

ಹಂತ 7: ನೀರು, ಹೊಗೆ, ಹುಳುವಿನ ಮನೆ

ಕಣ್ಣಿಗೆ ಒಂದೆರಡು ವಾರ ನಲ್ಲಿ ನೀರು ಬೀಳಬಾರದು. ಕತ್ತಿನಿಂದ ಕೆಳಗೆ ಸ್ನಾನ ಮಾಡಬಹುದು. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ. ತಲೆಗೆ ನೀರು ಹಾಕುವುದು ಯಾವಾಗ ಅಂತ ಡಾಕ್ಟರನ್ನೇ ಕೇಳಿ. ಅವರು ಹೂಂ ಅಂದ ಮೇಲೂ ಮೊದಲ ಸಲ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರು ಹಾಕಲಿ. ಪಿಸುರು ಅಂಟಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮುಚ್ಚಿದ ರೆಪ್ಪೆಯನ್ನು ಮೂಗಿನ ಕಡೆಯಿಂದ ಹೊರಗೆ ಒಂದೇ ಸಲ ಒರೆಸಿ. ಆ ಹತ್ತಿಯನ್ನು ಮತ್ತೆ ಬಳಸಬೇಡಿ.

ಸೌದೆ ಒಲೆಯ ಮುಂದೆ ಊದುವ ಕೆಲಸ ಬೇಡ. ಬಚ್ಚಲ ಹಂಡೆಗೆ ಬೇರೆಯವರು ಉರಿ ಹಾಕಲಿ. ಕೊಟ್ಟಿಗೆಗೆ ಹೋಗಲೇಬೇಕಾದರೆ ಪಕ್ಕದಿಂದಲೂ ಮುಚ್ಚುವ ಕಪ್ಪು ಕನ್ನಡಕ ಹಾಕಿ. ಹಾಲು ಕರೆಯುವಾಗ ಹಸು ಬಾಲ ಬೀಸಿದರೆ ನೇರ ಕಣ್ಣಿಗೇ ಬೀಳುವುದು.

ಹುಳುವಿನ ಮನೆ ಇನ್ನೂ ಅಪಾಯ. ಗೂಡು ಬಿಡಿಸಿದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಸುಣ್ಣ ಹಾಕಿ ಮನೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಾ ತೊಳೆಯುತ್ತೀರಲ್ಲ, ಆ ಕೆಲಸದ ಹತ್ತಿರವೂ ಸುಳಿಯಬಾರದು. ಗೂಡು ಮಾರಿದ ಮೇಲೆ ಆಪರೇಷನ್‌ಗೆ ದಿನ ತೆಗೆದುಕೊಂಡವರಿಗೆ ಮನೆ ತೊಳೆಯುವ ಕೆಲಸ ಸರಿಯಾಗಿ ಮೊದಲ ವಾರಕ್ಕೇ ಬರುತ್ತದೆ. ಅದನ್ನು ಮೊದಲೇ ಮುಗಿಸಿ, ಇಲ್ಲವೇ ಬೇರೆಯವರಿಗೆ ಒಪ್ಪಿಸಿ. ಸುಣ್ಣ ಕ್ಷಾರ, ಚೆನ್ನಾಗಿರುವ ಕಣ್ಣನ್ನೇ ಸುಡುತ್ತದೆ. ಹುಳು ಜ್ವರದಿಂದ ಎದ್ದಾಗ ಉದುರಿಸುವ ವಿಜೇತ ಥರದ ಸೋಂಕು ತಡೆಯುವ ಪುಡಿಯೂ ಗಾಳಿಯಲ್ಲಿ ಹಾರಿ ಕಣ್ಣಿಗೆ ಬರುತ್ತದೆ. ಅಕಸ್ಮಾತ್ ಇಂಥದ್ದು ಕಣ್ಣಿಗೆ ಬಿದ್ದರೆ ನೀರು ಬೀಳಬಾರದು ಅನ್ನುವ ನಿಯಮವನ್ನು ಮರೆತುಬಿಡಿ. ಉಜ್ಜದೆ, ಒತ್ತದೆ ಶುದ್ಧ ನೀರು ಮೆಲ್ಲಗೆ ಹರಿಸುತ್ತಾ ತೊಳೆದು ನೇರ ಆಸ್ಪತ್ರೆಗೆ ಹೋಗಿ. ದ್ರಾಕ್ಷಿಗೆ, ಹೂವಿಗೆ ಔಷಧಿ ಹೊಡೆಯುವ ದಿನ ತೋಟದ ಕಡೆ ಹೋಗುವುದೇ ಬೇಡ.

ಇನ್ನು ಹಿರಿಯರ ಸಲಹೆಗಳು. ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹಾಕಿ ಸಾವಿರಾರು ಜನಕ್ಕೆ ಪೊರೆ ತೆಗೆಯುತ್ತಿದ್ದ ಕಾಲವನ್ನು ಕಂಡವರು ಈಗಲೂ ನಮ್ಮ ಮನೆಗಳಲ್ಲಿದ್ದಾರೆ. ಆಗ ಗಾಯ ದೊಡ್ಡದು, ಒಳಗೆ ಲೆನ್ಸ್ ಹಾಕುತ್ತಿರಲಿಲ್ಲ, ಆಮೇಲೆ ಸೋಡಾ ಬಾಟಲಿ ತಳದಂಥ ಕನ್ನಡಕ. ಅಲುಗಾಡದೆ ಮಲಗುವುದು, ತಿಂಗಳುಗಟ್ಟಲೆ ಪಥ್ಯ ಎಲ್ಲ ಆ ಕಾಲದ ಮಾತು. ಈಗ ಅವರೆಕಾಯಿ, ಬದನೆಕಾಯಿ ನಂಜು ಅಂತ ಬಿಡಬೇಕಾಗಿಲ್ಲ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಹರಳೆಣ್ಣೆ ಇವುಗಳನ್ನು ಮಾತ್ರ ಯಾರು ಎಷ್ಟೇ ಒತ್ತಾಯ ಮಾಡಿದರೂ ಕಣ್ಣಿಗೆ ಬಿಡಬೇಡಿ. ಇನ್ನೂ ಮಾಯದ ಗಾಯಕ್ಕೆ ಅವು ಸೋಂಕು ತರಬಹುದು.

ಹಂತ 8: ದುಡ್ಡು, ಫೋನು, ಬಸ್ಸು

ನೋಟು ಗುರುತು ಹಿಡಿಯಲು ಉದ್ದ ನೋಡಿ. ಹೊಸ ಮಾದರಿಯ 100ರ ನೋಟು 142 ಮಿಲಿಮೀಟರ್, 200ರದ್ದು 146, 500ರದ್ದು 150. ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ: 100ಕ್ಕೆ ನಾಲ್ಕು, 500ಕ್ಕೆ ಐದು. 200ಕ್ಕೆ ನಾಲ್ಕು ಗೆರೆ, ನಡುವೆ ಎರಡು ಸೊನ್ನೆ. ಹಳಸಿದ ನೋಟಿನಲ್ಲಿ ಗೆರೆ ಸವೆದಿರುತ್ತದೆ, ಆಗ ಉದ್ದವೇ ಗತಿ. ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟ ಮಣಿ ಅನ್ನುವ ಆ್ಯಪ್ ಇದೆ. ನೋಟಿನ ಮುಂದೆ ಫೋನ್ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ, ಇಂಟರ್ನೆಟ್ ಬೇಡ. ಗೂಡಿನ ಮಾರ್ಕೆಟ್‌ನಲ್ಲಿ ತೂಕದ ಚೀಟಿ, ದರ ಓದಲು ನಂಬಿಕೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಟಿಪಿ ಓದಿಸಿಕೊಳ್ಳುವುದೂ ಮನೆಯವರಿಂದಲೇ ಆಗಲಿ.

ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿ, ಹೊಳಪು ಇಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬರೆಯುವ ಬದಲು ಧ್ವನಿ ಕಳಿಸಿ. ಬೈಕು, ಟ್ರ್ಯಾಕ್ಟರ್ ಡಾಕ್ಟರು ಹೇಳುವವರೆಗೆ ಬೇಡ. ತಪಾಸಣೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂರಬೇಡಿ. ಪಾಪೆ ಹಿಗ್ಗಿಸಿ ಕಳಿಸಿದರೆ ಬರುವಾಗ ಬೋರ್ಡ್ ಓದಲು ಆಗಲ್ಲ, ಒಬ್ಬರೇ ಹೋಗಬೇಡಿ.

ಪೊರೆಯಲ್ಲ, ರೆಟಿನಾ ಆಪರೇಷನ್ ಆಗಿದ್ದರೆ

ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಲೆಕ್ಕವೇ ಬೇರೆ. ಮೊದಲು ಏನೂ ಕಾಣಲ್ಲ. ಆಮೇಲೆ ಗಾರೆಯವರ ರಸಮಟ್ಟದಲ್ಲಿ ಗುಳ್ಳೆ ಅಲ್ಲಾಡುವಂತೆ ಒಂದು ಗೆರೆ ತೂಗಾಡುತ್ತದೆ, ದಿನದಿನಕ್ಕೆ ಕೆಳಗಿಳಿಯುತ್ತದೆ. ಯಾವ ಗ್ಯಾಸ್ ಅನ್ನುವುದರ ಮೇಲೆ ಎರಡರಿಂದ ಎಂಟು ವಾರ ಬೇಕು. ಅದು ಕರಗುವವರೆಗೆ ವಿಮಾನ ಹತ್ತಬಾರದು. ನಮ್ಮ ಕಡೆಯವರು ಗಮನಿಸಬೇಕಾದ್ದು, ನಂದಿಬೆಟ್ಟವನ್ನೂ ಹತ್ತಬಾರದು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್, ತಪ್ಪಲಿನ ಊರುಗಳಿಗಿಂತ ಐನೂರು ಮೀಟರಿನಷ್ಟು ಎತ್ತರ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಕಣ್ಣೊಳಗಿನ ಗುಳ್ಳೆ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಬೇರೆ ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವ ಮೊದಲೂ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಹೇಳಲೇಬೇಕು.

ಹಂತ 9: ಎರಡು ಕಣ್ಣು ಎರಡು ಥರ ಕಾಣುವ ದಿನಗಳು

ಒಂದು ಕಣ್ಣು ಆಗಿ ಇನ್ನೊಂದು ಬಾಕಿ ಇರುವಾಗ ತಲೆ ಸುತ್ತುವುದು, ಎರಡೆರಡು ಕಾಣುವುದು ಉಂಟು. ಹಳೆಯ ಕನ್ನಡಕ ಹಾಕಿದರೆ ಆಪರೇಷನ್ ಆದ ಕಣ್ಣಿಗೆ ಮಸುಕು, ತೆಗೆದರೆ ಇನ್ನೊಂದಕ್ಕೆ ಮಸುಕು. ಆಪ್ಟಿಕಲ್ಸ್ ಅಂಗಡಿಯಲ್ಲಿ ಆ ಪಕ್ಕದ ಗಾಜು ತೆಗೆಸಿ ಸಾದಾ ಗಾಜು ಹಾಕಿಸಿಕೊಳ್ಳಬಹುದು. ಮೊದಲಿಂದ ಪವರ್ ತುಂಬಾ ಜಾಸ್ತಿ ಇದ್ದವರಿಗೆ ಇದು ಹೊಂದಲ್ಲ. ಅಂಥವರು ಇನ್ನೊಂದು ಕಣ್ಣನ್ನು ಬೇಗ ಮಾಡಿಸುವ ಬಗ್ಗೆ ಕೇಳಿ. ಓದಲೇಬೇಕು ಅಂದರೆ ಅಂಗಡಿಯಲ್ಲಿ ರೆಡಿ ಸಿಗುವ ಓದುವ ಕನ್ನಡಕದಲ್ಲಿ +2 ಅಥವಾ +2.5 ಸದ್ಯಕ್ಕೆ ಸಾಕು. ತಪ್ಪು ಪವರ್ ಹಾಕಿದರೆ ತಲೆನೋವು ಬರಬಹುದು, ಕಣ್ಣು ಕೆಡಲ್ಲ.

ಸರಿಯಾದ ಕನ್ನಡಕಕ್ಕೆ ಆತುರ ಬೇಡ. ಎರಡನೇ ವಾರಕ್ಕೇ ದುಬಾರಿ ಫ್ರೇಮು ಮಾಡಿಸಿದರೆ ಆರನೇ ವಾರಕ್ಕೆ ಪವರ್ ಬದಲಾಗಿರುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಬರೆದುಕೊಡುತ್ತಾರೆ.

ತಡವಾಗಿ ಬರುವ ಮಸುಕು

ಚೆನ್ನಾಗಿ ಕಾಣುತ್ತಿದ್ದು, ಒಂದೂವರೆ ತಿಂಗಳ ಹೊತ್ತಿಗೆ ನಡುವೆ ಮಾತ್ರ ಮಸುಕು, ಗೆರೆ ಸೊಟ್ಟ ಕಂಡರೆ ರೆಟಿನಾದ ಮಧ್ಯೆ ನೀರು ತುಂಬಿರಬಹುದು. ಸಕ್ಕರೆ ಕಾಯಿಲೆಯವರಿಗೆ ಇದು ಜಾಸ್ತಿ. ನೋವಿರಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಬೇಗ ತೋರಿಸಿದರೆ ಚಿಕಿತ್ಸೆ ಇದೆ.

ಎಷ್ಟೋ ತಿಂಗಳು, ವರ್ಷಗಳ ನಂತರ ಮೆಲ್ಲಗೆ ಮಂಜು ಕವಿದರೆ "ಪೊರೆ ಮತ್ತೆ ಬೆಳೆದಿದೆ" ಅನ್ನುತ್ತಾರೆ. ತೆಗೆದ ಪೊರೆ ಮತ್ತೆ ಬೆಳೆಯಲ್ಲ. ಲೆನ್ಸ್ ಕೂರಿಸಿದ ಚೀಲದ ಹಿಂಬದಿ ಮಬ್ಬಾಗಿರುತ್ತದೆ. ಯಾಗ್ ಲೇಸರ್‌ನಿಂದ ಅದರಲ್ಲಿ ಒಂದು ಕಿಂಡಿ ಮಾಡುತ್ತಾರೆ. ಕತ್ತರಿಸುವುದಿಲ್ಲ, ಕೆಲವೇ ನಿಮಿಷ, ಅದೇ ದಿನ ಮನೆಗೆ.

ಆಪರೇಷನ್ ಆದಾಗ ಲೆನ್ಸ್‌ನ ಹೆಸರು, ಪವರ್ ಇರುವ ಒಂದು ಕಾರ್ಡು ಅಥವಾ ಸ್ಟಿಕ್ಕರ್ ಕೊಡುತ್ತಾರೆ. ಹೆಚ್ಚಿನವರು ಅದನ್ನು ಡ್ರಾಪ್ಸ್ ಡಬ್ಬಿಯ ಜೊತೆ ಎಸೆದುಬಿಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಆಧಾರ್, ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇಡಿ, ಫೋನ್‌ನಲ್ಲೂ ಒಂದು ಫೋಟೋ ಇರಲಿ. ಇನ್ನೊಂದು ಕಣ್ಣಿಗೆ ಬೇರೆ ಕಡೆ ಆಪರೇಷನ್ ಮಾಡಿಸಿದರೂ ಅಲ್ಲಿಯ ಡಾಕ್ಟರು ಮೊದಲು ಕೇಳುವುದು ಅದನ್ನೇ.